ಮನೆಗೇ ಬಂದು ರಕ್ತ ಒಯ್ಯುವ ‘ಪ್ಲೇಟ್‌ಲೆಟ್ ಪ್ಯಾಕೇಜ್’: ಹುಡುಗನ ಕೈಗುಣಕ್ಕೆ ಐದು ಸ್ಟಾರ್, ಪ್ಯಾಕೇಜಿಗೆ ಎರಡು

ಹುಬ್ಬಳ್ಳಿಯ ಒಂದು ಖಾಸಗಿ ಲ್ಯಾಬಿನವರು ಆಂಜಿಯೋಪ್ಲಾಸ್ಟಿ ಆದವರಿಗೆಂದೇ, ಅಂದರೆ ಹೃದಯದ ಕಿರಿದಾದ ನಾಳವನ್ನು ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸಿಕೊಂಡವರಿಗೆಂದೇ, ಒಂದು ಪ್ಯಾಕೇಜ್ ಮಾಡಿದ್ದಾರೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಪರೀಕ್ಷೆ ಅದು. ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಯೊಳಗೆ ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ. ಜಾಹೀರಾತಿನಲ್ಲಿ ‘ನಿಮ್ಮ ಸ್ಟೆಂಟ್ ಸುರಕ್ಷಿತವೇ? ಒಂದೇ ರಕ್ತಪರೀಕ್ಷೆಯಲ್ಲಿ ತಿಳಿಯಿರಿ’ ಎಂದಿದೆ. ನನ್ನ ತಕರಾರು ಶುರುವಾಗುವುದೇ ಈ ಸಾಲಿನಿಂದ. ಲ್ಯಾಬಿನ ಹೆಸರು ಬರೆಯುವುದಿಲ್ಲ. ಇಂಥ ಪ್ಯಾಕೇಜನ್ನು ಬೇರೆಯವರೂ ಮಾರುತ್ತಿರುವಾಗ ಒಬ್ಬರ ಮೇಲೇ ಗೂಬೆ ಕೂರಿಸುವುದು ಸರಿಯಲ್ಲ.

ನಾನು ಸರ್ಕಾರಿ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದು ನಿವೃತ್ತಳಾದವಳು, ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಖಾನಾವಳಿಗೆ ಉಣ್ಣಲು ಹೋದ ಅಡಿಗೆಯವರ ಕಣ್ಣು ತಾಟಿಗಿಂತ ಮೊದಲು ಒಲೆಯ ಕಡೆ ಹೋಗುತ್ತದಲ್ಲ, ನನ್ನದೂ ಅದೇ ಚಾಳಿ. ರಿಪೋರ್ಟಿನ ಅಂಕಿಗಿಂತ ಟ್ಯೂಬು ಹೇಗೆ ತುಂಬಿದರು, ಎಲ್ಲಿಟ್ಟರು ಎಂಬುದೇ ನನಗೆ ಮುಖ್ಯ.

ಟೆಸ್ಟ್ ಮಾಡಿಸಿಕೊಂಡವನು ನನ್ನಣ್ಣ. ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ, ಮನೆ ಕೇಶ್ವಾಪುರ. ಹೃದಯಾಘಾತವಾಗಿ ಮುಂಭಾಗದ ದೊಡ್ಡ ನಾಳಕ್ಕೆ, ಡಾಕ್ಟರು ಎಲ್‌ಎಡಿ ಅನ್ನುತ್ತಾರಲ್ಲ ಅದಕ್ಕೆ, ಒಂದು ಸ್ಟೆಂಟ್ ಬಿದ್ದಿದೆ. ಪ್ಲೇಟ್‌ಲೆಟ್ ಗುಂಪಾಗದಂತೆ ತಡೆಯಲು ಮೊದಲು ಆಸ್ಪಿರಿನ್ ಜತೆ ಟಿಕಾಗ್ರೆಲಾರ್ 90 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಟ್ಟಿದ್ದರು. ಆ ಗುಳಿಗೆ ಕೆಲವರಿಗೆ ಉಸಿರು ಕಟ್ಟಿದಂತೆ ಮಾಡುತ್ತದೆ, ಅಣ್ಣನಿಗೂ ಮಾಡಿತು. ಅಂಗಡಿಯ ಅಟ್ಟ ಹತ್ತಿ ಸೀರೆ ಗಂಟು ಇಳಿಸುವುದರೊಳಗೆ ಏದುಸಿರು. ಹೃದಯದ ಡಾಕ್ಟರು ಕೆಲವು ತಿಂಗಳು ಕಾದು ಅದೇ ಕೆಲಸದ ಕ್ಲೋಪಿಡೋಗ್ರೆಲ್ 75ಕ್ಕೆ ಬದಲಾಯಿಸಿದರು. ಉಸಿರು ಸರಿಹೋಯಿತು. ಆದರೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ‘ಅದು ಕೆಲವರಿಗೆ ಹತ್ತೂದೇ ಇಲ್ರಿ ಶೆಟ್ಟರ, ಟೆಸ್ಟ್ ಮಾಡಿಸ್ರಿ’ ಅಂದುಬಿಟ್ಟರು. ಅಲ್ಲಿಗೆ ಅಣ್ಣನ ನಿದ್ದೆ ಹೋಯಿತು. ಮಗ ರಾತ್ರಿಯೇ ಮೊಬೈಲಿನಲ್ಲಿ ಬುಕ್ ಮಾಡಿದ.

ಗಿರಾಕಿ ಹೇಳಿದ್ದು ಸುಳ್ಳಲ್ಲ. ಕ್ಲೋಪಿಡೋಗ್ರೆಲ್ ನುಂಗಿದ ಹಾಗೇ ಕೆಲಸ ಮಾಡುವ ಔಷಧಿ ಅಲ್ಲ. ಯಕೃತ್ತಿನಲ್ಲಿ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಬದಲಾಯಿಸಿದ ಮೇಲೆಯೇ ಅದು ಪ್ಲೇಟ್‌ಲೆಟ್ಟಿನ ಮೈಮೇಲಿರುವ ಪಿ2ವೈ12 ಎಂಬ ಬೀಗಕ್ಕೆ ಕೂರುತ್ತದೆ. ಹುಟ್ಟಿನಿಂದಲೇ ಆ ಕಿಣ್ವ ಮಂದವಾಗಿರುವವರು ಇದ್ದಾರೆ, ನಮ್ಮ ಏಷ್ಯಾದವರಲ್ಲಿ ಜಾಸ್ತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಔಷಧಿಯ ಲೇಬಲ್ಲಿಗೆ ಈ ಬಗ್ಗೆ ದೊಡ್ಡ ಎಚ್ಚರಿಕೆಯನ್ನೇ ಸೇರಿಸಿತು. ಹಾಗಾಗಿ ಟೆಸ್ಟ್ ಬೇಕು ಅನ್ನಿಸುವುದರಲ್ಲಿ ತಪ್ಪಿಲ್ಲ. ಯಾವ ಟೆಸ್ಟ್, ಹೇಗೆ ತೆಗೆದ ರಕ್ತದಲ್ಲಿ, ಅದೇ ಪ್ರಶ್ನೆ.

ಇನ್ನು ಸೇವೆಗೆ ಬರುತ್ತೇನೆ. ನಾನು ಹಿಂದಿನ ದಿನವೇ ಬಂದು ಅಣ್ಣನ ಮನೆಯಲ್ಲಿ ಉಳಿದಿದ್ದೆ. ಹುಡುಗ ಬೆಳಿಗ್ಗೆ ಏಳರೊಳಗೆ ಬಂದ, ಹೇಳಿದ ಹೊತ್ತಿಗೆ ಸರಿಯಾಗಿ. ಚಪ್ಪಲಿ ಹೊರಗೆ ಬಿಟ್ಟ, ಕೈ ತೊಳೆಯಲು ನೀರು ಕೇಳಿದ, ಹೊಸ ಗ್ಲೌಸ್ ಹಾಕಿಕೊಂಡ. ‘ಕಾಕಾರ, ಚಾ ಕುಡದೀರೇನ್ರಿ? ತಂಬಾಕು?’ ಅಂತ ಕೇಳಿದ. ಈ ಪ್ರಶ್ನೆ ಕೇಳುವವರೇ ಕಡಿಮೆ, ನನಗೆ ಖುಷಿಯಾಯಿತು. ಅಣ್ಣ ‘ಎರಡೂ ಬಿಟ್ಟೀನಪ್ಪಾ’ ಅಂದ. ವೈನಿ ನನ್ನ ಮುಖ ನೋಡಿದರು. ಅದಿರಲಿ.

ರಬ್ಬರ್ ಪಟ್ಟಿಯನ್ನು ಹಗುರಾಗಿ ಕಟ್ಟಿ, ನರ ಸಿಕ್ಕ ಕೂಡಲೇ ಸಡಿಲಿಸಿದ. ಸೂಜಿ ಒಂದೇ ಸಲಕ್ಕೆ ಒಳಗೆ. ಮೊದಲು ಬಂದ ಎರಡು ಮೂರು ಎಂಎಲ್ ರಕ್ತವನ್ನು ಬೇರೆ ಟ್ಯೂಬಿಗೆ ಬಿಟ್ಟು, ಆಮೇಲೆ ನೀಲಿ ಮುಚ್ಚಳದ ಟ್ಯೂಬು ಹಚ್ಚಿದ. ನಾನು ಏನೂ ಕೇಳಿರಲಿಲ್ಲ, ತಾನೇ ಹೇಳಿದ: ‘ಅಕ್ಕಾರ, ಮೊದಲಿಂದರಾಗ ಸೂಜಿ ಚುಚ್ಚಿದ್ದರ ಗದ್ದಲ ಇರ್ತದರೀ, ಅದನ್ನ ಇದಕ್ಕ ಹಾಕೂದಿಲ್ಲ.’ ಇದು ನೂರಕ್ಕೆ ನೂರು ಸರಿ. ಸೂಜಿ ಚುಚ್ಚಿದ ಗಾಯಕ್ಕೇ ಪ್ಲೇಟ್‌ಲೆಟ್‌ಗಳು ಎಚ್ಚರಗೊಳ್ಳುತ್ತವೆ, ಆ ರಕ್ತವನ್ನು ಟೆಸ್ಟ್ ಮಾಡಿದರೆ ಮೊಣಕೈ ಗಾಯದ ಕಥೆ ಹೃದಯದ ಹೆಸರಿನಲ್ಲಿ ಬರುತ್ತದೆ. ನೀಲಿ ಟ್ಯೂಬಿನಲ್ಲಿ ಸೋಡಿಯಂ ಸಿಟ್ರೇಟ್ ಇರುತ್ತದೆ, ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ. ಗೆರೆಯವರೆಗೆ ತುಂಬಲೇಬೇಕು. ತುಂಬಿದ. ಕುಲುಕಲಿಲ್ಲ, ಮೆಲ್ಲಗೆ ಮಗುಚಿ ಮಗುಚಿ ಬೆರೆಸಿದ. ಆಮೇಲೆ ನೇರಳೆ ಮುಚ್ಚಳದ್ದು. ಅಣ್ಣ ‘ಆತೇನೋ?’ ಅನ್ನುವಷ್ಟರಲ್ಲಿ ಹತ್ತಿ ಒತ್ತಿ ಹಿಡಿದಾಗಿತ್ತು. ಎರಡು ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರಿಗೆ ಐದು ನಿಮಿಷ ಒತ್ತಿ ಹಿಡಿಯಬೇಕು ಅಂತ ಅವನೇ ಹೇಳಿ, ಹೇಳಿದಷ್ಟು ಹೊತ್ತು ಕೂತ. ಈ ಹುಡುಗನಿಗೆ ಐದು ಸ್ಟಾರ್ ಕೊಡದೆ ಯಾರಿಗೆ ಕೊಡಲಿ?

ಪೆಟ್ಟಿಗೆ ತೆರೆದಾಗ ಮಾತ್ರ ನನ್ನ ಹೊಟ್ಟೆ ಕಲಸಿತು. ಒಳಗೆ ಐಸ್ ಪ್ಯಾಕ್. ಎಲ್ಲ ಟ್ಯೂಬುಗಳೂ ಒಂದೇ ಸ್ಟ್ಯಾಂಡಿನಲ್ಲಿ, ಮಂಜಿಗೆ ತಾಗಿಕೊಂಡು. ‘ತಮ್ಮಾ, ನೀಲಿದು ಹೊರಗ ಇರಬೇಕಲ್ಲೋ’ ಅಂದೆ. ‘ಗೊತ್ತದರೀ ಅಕ್ಕಾರ, ಆದ್ರ ನಮಗ ಕೊಟ್ಟಿದ್ದ ಒಂದ ಪೆಟಗಿ’ ಅಂದ. ಅಲ್ಲಿಂದ ಅವನು ದೇಶಪಾಂಡೆ ನಗರ, ಆಮೇಲೆ ಗೋಕುಲ ರೋಡು, ಆಮೇಲೆ ವಿದ್ಯಾನಗರದ ಲ್ಯಾಬು. ಬೈಕಿನ ಹಿಂದೆ ಪೆಟ್ಟಿಗೆ, ಕೆಳಗೆ ನಮ್ಮ ಹುಬ್ಬಳ್ಳಿ ರಸ್ತೆ. ಆ ರಸ್ತೆಯ ವರ್ಣನೆ ಹುಬ್ಬಳ್ಳಿಯವರಿಗೆ ಬೇಕಾಗಿಲ್ಲ.

ಇದರಲ್ಲಿ ಏನು ತಪ್ಪು ಅಂತ ಕೇಳುವವರಿಗೆ ಹೇಳುತ್ತೇನೆ. ಸಕ್ಕರೆ, ಕೊಲೆಸ್ಟರಾಲ್, ಕ್ರಿಯಾಟಿನಿನ್ ಅಳೆಯುವಾಗ ನಾವು ಅಳೆಯುವುದು ರಕ್ತದಲ್ಲಿ ಕರಗಿರುವ ವಸ್ತುವನ್ನು. ಪ್ಲೇಟ್‌ಲೆಟ್ ಟೆಸ್ಟಿನಲ್ಲಿ ಅಳೆಯುವುದು ಜೀವಕಣದ ವರ್ತನೆಯನ್ನು. ತಂಪು ತಾಗಿದರೆ ಚಪ್ಪಟೆ ಬಿಲ್ಲೆಯಂತಿದ್ದ ಪ್ಲೇಟ್‌ಲೆಟ್ ಗುಂಡಗಾಗಿ ಮುಳ್ಳು ಚಾಚುತ್ತದೆ, ಅಲುಗಾಡಿದರೆ ಎಚ್ಚರಗೊಳ್ಳುತ್ತದೆ, ಹೊತ್ತು ಕಳೆದಂತೆ ದಣಿಯುತ್ತದೆ. ಅದಕ್ಕೇ ಈ ಪರೀಕ್ಷೆಯ ನಿಯಮ ಎಲ್ಲ ಕಡೆಯೂ ಒಂದೇ: ಕೋಣೆಯ ಉಷ್ಣತೆಯಲ್ಲೇ ಇಡಬೇಕು, ನಾಲ್ಕು ತಾಸಿನೊಳಗೆ ಮುಗಿಸಬೇಕು.

ರಿಪೋರ್ಟ್ ಸಂಜೆ ಬಂತು, ಹೇಳಿದ ಸಮಯಕ್ಕೆ. ಛಾಪಿಸಿದ್ದು ಚೆಂದ, ಹೃದಯದ ಚಿತ್ರ, ಹಸಿರು ಕೆಂಪು ಪಟ್ಟಿಗಳು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸ್ಯಾಂಪಲ್ ತೆಗೆದದ್ದು 6:50, ಲ್ಯಾಬಿಗೆ ಬಂದದ್ದು 11:20 ಎಂದು ಅವರೇ ಬರೆದಿದ್ದರು. ನಾಲ್ಕೂವರೆ ತಾಸು ಹಾದಿಯಲ್ಲೇ ಹೋಗಿದೆ! ಅವರದೇ ಕಾಗದ ಅವರ ಮೇಲೆ ಸಾಕ್ಷಿ ಹೇಳುತ್ತಿದೆ, ಆದರೂ ಕೆಳಗೆ ಸಹಿ ಬಿದ್ದಿದೆ.

ಅಂಕಿಗಳಲ್ಲಿ ಮನೆಯವರನ್ನು ಹೆದರಿಸಿದ್ದು ಎರಡು. ಒಂದು ಎಂಪಿವಿ, ಅಂದರೆ ಪ್ಲೇಟ್‌ಲೆಟ್ಟಿನ ಸರಾಸರಿ ಗಾತ್ರ: 12.9, ಕೆಂಪಿನಲ್ಲಿ. ಪಕ್ಕದಲ್ಲಿ ‘ದೊಡ್ಡ ಪ್ಲೇಟ್‌ಲೆಟ್ ಹೆಚ್ಚು ಚುರುಕು, ಹೃದಯದ ಅಪಾಯ ಹೆಚ್ಚು’ ಎಂಬ ಟಿಪ್ಪಣಿ. ದೊಡ್ಡ ಪ್ಲೇಟ್‌ಲೆಟ್ ಹೆಚ್ಚು ಚುರುಕು ಎನ್ನುವುದು ನಿಜ, ಹೃದಯಾಘಾತವಾದವರಲ್ಲಿ ಗಾತ್ರ ಹೆಚ್ಚಿರುವುದನ್ನು ಅಧ್ಯಯನಗಳೂ ಹೇಳಿವೆ. ಆದರೆ ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕದಲ್ಲಿ ನಿಂತ ಪ್ಲೇಟ್‌ಲೆಟ್ ತಾನಾಗಿಯೇ ಊದಿಕೊಳ್ಳುತ್ತದೆ. ನಾಲ್ಕೂವರೆ ತಾಸು ನಿಂತ ರಕ್ತದ ಎಂಪಿವಿ ನೋಡಿ ಹೃದಯದ ಭವಿಷ್ಯ ಹೇಳಬೇಡಿ.

ಎರಡನೆಯದು ಅಗ್ರಿಗೋಮೆಟ್ರಿ. ಇದು ಪ್ಯಾಕೇಜಿನ ಅಸಲಿ ಸರಕು. ರಕ್ತವನ್ನು ನಿಧಾನ ತಿರುಗಿಸಿ ಮೇಲಿನ ಪ್ಲೇಟ್‌ಲೆಟ್ ತುಂಬಿದ ಮಸುಕು ಹಳದಿ ದ್ರವ ತೆಗೆಯುತ್ತಾರೆ. ಸಣ್ಣ ಗಾಜಿನ ಕೊಳವೆಯಲ್ಲಿ 37 ಡಿಗ್ರಿಯಲ್ಲಿಟ್ಟು, ಕಲಕುತ್ತ, ಬೆಳಕು ಹಾಯಿಸುತ್ತಾರೆ. ಪ್ಲೇಟ್‌ಲೆಟ್ಟನ್ನು ಕೆರಳಿಸುವ ಎಡಿಪಿ ಎಂಬ ರಾಸಾಯನಿಕದ ಹನಿ ಹಾಕಿದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಹತ್ತಿ ಗುಂಪಾಗುತ್ತವೆ, ದ್ರವ ತಿಳಿಯಾಗುತ್ತದೆ, ಬೆಳಕು ಹೆಚ್ಚು ದಾಟುತ್ತದೆ. ಕ್ಲೋಪಿಡೋಗ್ರೆಲ್ ಕೆಲಸ ಮಾಡುತ್ತಿದ್ದರೆ ಗುಂಪು ಸಣ್ಣದಾಗಬೇಕು. 1962ರಿಂದ ಇರುವ ವಿಧಾನ, ಇವತ್ತಿಗೂ ಮರ್ಯಾದೆ ಉಳಿಸಿಕೊಂಡಿದೆ. ಆಸ್ಪಿರಿನ್ ಕೆಲಸ ನೋಡಲು ಹಾಕುವ ಅರಕಿಡೋನಿಕ್ ಆಮ್ಲಕ್ಕೆ ಅಣ್ಣನ ರಕ್ತ ಬಹುತೇಕ ಸುಮ್ಮನಿತ್ತು, ಅಂದರೆ ಆಸ್ಪಿರಿನ್ ಸರಿಯಾಗಿ ಹತ್ತಿದೆ. ಐದು ಮೈಕ್ರೋಮೋಲಾರ್ ಎಡಿಪಿಗೆ ಮಾತ್ರ 58 ಶೇಕಡಾ ಗುಂಪುಗೂಡಿತ್ತು. 46ಕ್ಕಿಂತ ಮೇಲಿದ್ದರೆ ‘ಔಷಧಿ ಸಾಲದು’ ಎಂದು ತಜ್ಞರು ಗೆರೆ ಎಳೆದಿದ್ದಾರೆ. ಅಣ್ಣನ ಬೆವರಿಳಿಯಿತು.

ವೈನಿಗೆ ಬೇರೆಯದೇ ಚಿಂತೆ. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ 2,41,000 ಎಂದಿತ್ತು. ‘ಸೋದರಮಾವನ ಮಗಗ ಡೆಂಗ್ಯೂ ಆದಾಗ ಪಪ್ಪಾಯಿ ಎಲಿ ರಸ ಕೊಟ್ಟು ಏರಿಸಿದ್ವಿ, ಇವರಿಗೂ ಕೊಡೋಣೇನು?’ ಅಂದರು. ನಮ್ಮ ಕಡೆ ಪ್ಲೇಟ್‌ಲೆಟ್ ಅಂದರೆ ಮಳೆಗಾಲದ ಡೆಂಗ್ಯೂ, ಹೆಚ್ಚಿದ್ದಷ್ಟೂ ಒಳ್ಳೇದು. ವೈನಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗೆ ಎಷ್ಟಿದ್ದರೂ ಚಿಂತೆಯಿಲ್ಲ, ಸ್ಟೆಂಟಿನ ವಿಷಯದಲ್ಲಿ ಎಷ್ಟಿವೆ ಎನ್ನುವುದಕ್ಕಿಂತ ಹೇಗಿವೆ ಎನ್ನುವುದು ಮುಖ್ಯ ಅಂದೆ. ರಸ ಉಳಿಯಿತು.

ಈಗ ಜಾಹೀರಾತಿನ ಸಾಲಿಗೆ ಬರುತ್ತೇನೆ. ಸ್ಟೆಂಟ್ ಸುರಕ್ಷಿತವೇ ಎಂದು ಈ ಟೆಸ್ಟ್ ಹೇಳುತ್ತದೆಯೇ? ಹೇಳುವುದಿಲ್ಲ. ಟೆಸ್ಟ್ ನೋಡುವುದು ಗಾಜಿನ ಕೊಳವೆಯಲ್ಲಿರುವ ಪ್ಲೇಟ್‌ಲೆಟ್ಟನ್ನು. ಕೊಳವೆಗೆ ಗೋಡೆ ಇದೆ, ಆದರೆ ಆ ಗೋಡೆಗೆ ಜೀವವಿಲ್ಲ. ಹೃದಯದ ನಾಳದ ಗೋಡೆಗೆ ಇದೆ.

ಬಲೂನು ಉಬ್ಬಿದಾಗ ನಾಳದ ಒಳಮೈಯ ತೆಳು ಪದರ ಹರಿಯುತ್ತದೆ. ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಸೈಕ್ಲಿನ್ ತಯಾರಿಸಿ ನಾಳವನ್ನು ಸಡಿಲವಾಗಿಡುವುದು, ಪ್ಲೇಟ್‌ಲೆಟ್‌ಗಳನ್ನು ದೂರ ಇಡುವುದು ಆ ಪದರದ ಕೆಲಸ. ಅದು ಹರಿದ ಜಾಗಕ್ಕೆ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ, ಅಂಟಿದವು ಥ್ರಾಂಬಾಕ್ಸೇನ್, ಸೆರೊಟೋನಿನ್ ಬಿಡುತ್ತವೆ. ಥ್ರಾಂಬಾಕ್ಸೇನ್ ಇನ್ನಷ್ಟು ಪ್ಲೇಟ್‌ಲೆಟ್ ಕರೆಯುತ್ತದೆ, ನಾಳವನ್ನೂ ಬಿಗಿಯುತ್ತದೆ. ಸೆರೊಟೋನಿನ್ ಇನ್ನೂ ವಿಚಿತ್ರ: ಒಳಪದರ ನೆಟ್ಟಗಿದ್ದರೆ ನಾಳವನ್ನು ಹಿಗ್ಗಿಸುತ್ತದೆ, ಪದರ ಕೆಟ್ಟಿದ್ದರೆ ಅದೇ ವಸ್ತು ಹಿಂಡುತ್ತದೆ. ಹಾಗಾಗಿ ಆಂಜಿಯೋಪ್ಲಾಸ್ಟಿ ಆದ ಜಾಗ ತೆರೆದಿದ್ದರೂ ಅದರ ಮುಂದಿನ ನಾಳ ಸೆಟೆದುಕೊಳ್ಳುವುದುಂಟು. ಡಾಕ್ಟರು ಕ್ಯಾಥಿಟರ್ ಎಂಬ ತೆಳು ನಳಿಗೆಯ ಮೂಲಕ ನೇರ ನಾಳಕ್ಕೇ, ಅದನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ ಬಿಡುವುದು ಇಂಥ ಹೊತ್ತಿಗೆ.

ಆಂಡ್ರಿಯಾಸ್ ಗ್ರುನ್‌ಟ್ಸಿಗ್ 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಮೊದಲ ಸಲ ಹೃದಯದ ನಾಳದಲ್ಲಿ ಬಲೂನು ಉಬ್ಬಿಸಿದ ಮೇಲೆ ಹಲವು ವರ್ಷ ಬರೀ ಬಲೂನೇ ಇತ್ತು. ಮೂವರಲ್ಲಿ ಒಬ್ಬರಿಗಾದರೂ ಆರು ತಿಂಗಳೊಳಗೆ ನಾಳ ಮತ್ತೆ ಕಿರಿದಾಗುತ್ತಿತ್ತು. ಯಾರಿಗೆ ಹೀಗಾಗುತ್ತದೆ ಎಂದು ಮುಂಚೆಯೇ ತಿಳಿಯುವ ಆಸೆಯಿಂದ ಸಂಶೋಧಕರು ರಕ್ತದಲ್ಲಿ ಪ್ಲೇಟ್‌ಲೆಟ್ ಎಚ್ಚರಗೊಂಡದ್ದರ ಗುರುತುಗಳಾದ ಬೀಟಾ ಥ್ರಾಂಬೊಗ್ಲಾಬ್ಯುಲಿನ್, ಪ್ಲೇಟ್‌ಲೆಟ್ ಫ್ಯಾಕ್ಟರ್ 4, ಥ್ರಾಂಬಾಕ್ಸೇನ್ ಬಿ2 ಎಲ್ಲ ಅಳೆದರು. ಆಮೇಲೆ ಪಿ-ಸೆಲೆಕ್ಟಿನ್ ಬಂತು. ಎಚ್ಚರಗೊಂಡ ಪ್ಲೇಟ್‌ಲೆಟ್ ಹೊಟ್ಟೆಯೊಳಗಿನಿಂದ ಮೈಮೇಲೆ ತರುವ ಪ್ರೋಟೀನು ಅದು. ಪ್ಲೇಟ್‌ಲೆಟ್‌ಗಳು ನಾಳದ ಗಾಯದಲ್ಲಿ ಏನು ಮಾಡುತ್ತವೆ ಎಂದು ಅರ್ಥ ಮಾಡಿಕೊಳ್ಳಲು ಈ ಗುರುತುಗಳು ಬಹಳ ಸಹಾಯ ಮಾಡಿವೆ. ಆದರೆ ಒಬ್ಬ ಅಣ್ಣನ ಒಂದು ಸ್ಟೆಂಟಿನ ಬಗ್ಗೆ ಭವಿಷ್ಯ ಹೇಳುವಷ್ಟು ಅವು ಗಟ್ಟಿಯಾಗಲಿಲ್ಲ. ಕೆಟ್ಟದಾಗಿ ಚುಚ್ಚಿದ ಸೂಜಿಯೊಂದೇ ಸಾಕು, ಬೀಟಾ ಥ್ರಾಂಬೊಗ್ಲಾಬ್ಯುಲಿನ್ ಏರಿಬಿಡುತ್ತದೆ.

ಸರಿ, ಅಂಕಿ ಹೆಚ್ಚಿದ್ದವರಿಗೆ ಔಷಧಿ ಹೆಚ್ಚಿಸಿದರೆ? ಅದನ್ನೂ ನೋಡಿದ್ದಾರೆ. 2011ರಲ್ಲಿ ಬಂದ ಗ್ರಾವಿಟಾಸ್ ಅಧ್ಯಯನದಲ್ಲಿ, ಸ್ಟೆಂಟ್ ಹಾಕಿಸಿಕೊಂಡು ಪ್ಲೇಟ್‌ಲೆಟ್ ಇನ್ನೂ ಚುರುಕಾಗಿದ್ದ 2,214 ಜನರಲ್ಲಿ ಅರ್ಧದಷ್ಟು ಮಂದಿಗೆ ಕ್ಲೋಪಿಡೋಗ್ರೆಲ್ ಇಮ್ಮಡಿ ಕೊಟ್ಟರು. ಆರು ತಿಂಗಳಾದ ಮೇಲೆ ಸಾವು, ಹೃದಯಾಘಾತ, ಸ್ಟೆಂಟ್ ಮುಚ್ಚಿದ್ದು ಎಲ್ಲ ಸೇರಿ ಎರಡೂ ಕಡೆ 2.3 ಶೇಕಡಾ! ಮರುವರ್ಷ ಫ್ರಾನ್ಸಿನ ಆರ್ಕ್ಟಿಕ್ ಅಧ್ಯಯನದಲ್ಲಿ ಟೆಸ್ಟ್ ನೋಡಿ ಔಷಧಿ ಬದಲಾಯಿಸಿದವರಿಗೂ ಟೆಸ್ಟೇ ಮಾಡದವರಿಗೂ ಲಾಭದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಕಣ್ಣುಮುಚ್ಚಿ ಈ ಟೆಸ್ಟ್ ಮಾಡಿಸುವ ಪದ್ಧತಿ ಇಲ್ಲದಿರುವುದು ಇದರಿಂದಲೇ. ಗುಳಿಗೆ ಬದಲಾಯಿಸುವಾಗ, ರಕ್ತಸ್ರಾವದ ಭಯವಿದ್ದಾಗ ಡಾಕ್ಟರು ತಾವಾಗಿ ಕೇಳಿದರೆ ಅದರ ಮಾತೇ ಬೇರೆ.

ಅಣ್ಣನ ಡಾಕ್ಟರು ರಿಪೋರ್ಟ್ ನೋಡಿದರು, ಮೂಲೆಯ ಸಮಯವನ್ನೂ ನೋಡಿದರು, ನಕ್ಕರು. ಆಮೇಲೆ ಕೇಳಿದ ಪ್ರಶ್ನೆಯೇ ಈ ಇಡೀ ಪ್ರಕರಣದಲ್ಲಿ ಅತಿ ಬೆಲೆಯುಳ್ಳದ್ದು: ‘ನಾನು ಬರೆದು ಕೊಟ್ಟಿದ್ದು ಬಿಟ್ಟು ಬ್ಯಾರೆ ಏನರೆ ಗುಳಿಗಿ ತಗೋತೀರೇನು?’ ಅಣ್ಣ ಇಲ್ಲ ಅಂದ. ವೈನಿ ಸುಮ್ಮನಿರಲಿಲ್ಲ. ‘ಗ್ಯಾಸಿನ ಗುಳಿಗಿ ತಗೋತಾರಲ್ರೀ ಡಾಕ್ಟ್ರ, ಸಂಜಿಗೆ ಮಿರ್ಚಿ ಗಿರಮಿಟ್ ತಿಂದು ಬಂದ ದಿನ ಎರಡು.’ ಚೀಲದಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಒಮೆಪ್ರಜೋಲ್. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ತಂದದ್ದು.

ಒಮೆಪ್ರಜೋಲ್ ಕೂಡ ಅದೇ ಸಿವೈಪಿ2ಸಿ19 ಕಿಣ್ವವನ್ನು ತಡೆಯುತ್ತದೆ. ಕ್ಲೋಪಿಡೋಗ್ರೆಲ್ ಜತೆ ಒಮೆಪ್ರಜೋಲ್, ಇಸೋಮೆಪ್ರಜೋಲ್ ಬೇಡ ಎಂದು ಎಫ್‌ಡಿಎ ಸ್ಪಷ್ಟವಾಗಿ ಹೇಳಿದೆ. ಡಾಕ್ಟರು ಅದನ್ನು ತೆಗೆದು ಪ್ಯಾಂಟೊಪ್ರಜೋಲ್ ಬರೆದರು, ಕ್ಲೋಪಿಡೋಗ್ರೆಲ್ ಹಾಗೇ ಇಟ್ಟರು, ಯಾವ ರಿಪೋರ್ಟ್ ನೋಡಿಯೂ ಗುಳಿಗೆ ತಾವಾಗಿ ನಿಲ್ಲಿಸಬಾರದು ಎಂದು ಅಣ್ಣನ ಕೈಲಿ ಹೂಂ ಅನ್ನಿಸಿಕೊಂಡರು. ತಂಬಾಕಿನ ವಿಷಯವನ್ನೂ ವೈನಿ ಅಲ್ಲೇ ಎತ್ತಿದರು. ‘ಸುಮ್ನಿರs’ ಎಂದು ಅಣ್ಣ ಕಣ್ಣು ಬಿಟ್ಟ. ಧೂಮಪಾನ, ತಂಬಾಕು ನಾಳವನ್ನು ಸೆಟೆಸುತ್ತವೆ, ಅದನ್ನು ಯಾವ ಅಗ್ರಿಗೋಮೀಟರೂ ತೋರಿಸುವುದಿಲ್ಲ ಎಂದು ಡಾಕ್ಟರು ತಣ್ಣಗೆ ಹೇಳಿದರು.

ಲ್ಯಾಬಿನ ಮೇಲಿನ ನನ್ನ ದೊಡ್ಡ ದೂರು ಇದೇ. ಪ್ಲೇಟ್‌ಲೆಟ್ ಟೆಸ್ಟಿಗೆ ದುಡ್ಡು ಕಟ್ಟಿಸಿಕೊಳ್ಳುವ ಫಾರ್ಮಿನಲ್ಲಿ ವಯಸ್ಸು, ಇಮೇಲ್, ಪಿನ್‌ಕೋಡ್ ಕೇಳಿದ್ದಾರೆ. ಯಾವ ಗುಳಿಗೆ ತಗೊಳ್ಳುತ್ತೀರಿ, ಕೊನೆಯ ಗುಳಿಗೆ ಯಾವಾಗ ನುಂಗಿದಿರಿ ಎಂದು ಎಲ್ಲೂ ಕೇಳಿಲ್ಲ. ಪ್ಲೇಟ್‌ಲೆಟ್ ಬದುಕುವುದೇ ಏಳರಿಂದ ಹತ್ತು ದಿನ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಹಾಗೇ ಇರುತ್ತದೆ, ಟಿಕಾಗ್ರೆಲಾರ್ ಮಾತ್ರ ಬಿಟ್ಟುಹೋಗುತ್ತದೆ. ಗುಳಿಗೆ ಯಾವುದು ಎಂದು ತಿಳಿಯದೆ ಹೊರಟ ಅಂಕಿಯನ್ನು ಯಾರು ಹೇಗೆ ಓದಬೇಕು? ಸ್ಟೆಂಟಿನ ಬೆಲೆಗೆ 2017ರ ಫೆಬ್ರವರಿಯಲ್ಲಿ ಸರ್ಕಾರ ಮಿತಿ ಹಾಕಿ ಔಷಧ ಲೇಪಿತ ಸ್ಟೆಂಟನ್ನು 29,600 ರೂಪಾಯಿಗೆ ಇಳಿಸಿತು. ಆಮೇಲೆ ಬರುವ ಪ್ಯಾಕೇಜುಗಳಿಗೆ ಅಂಥ ಲಗಾಮಿಲ್ಲ.

ಇದನ್ನೆಲ್ಲ ಬರೆದು ಲ್ಯಾಬಿಗೆ ಕಳಿಸಿದೆ. ಇಲ್ಲಿ ಅವರನ್ನು ಹೊಗಳಲೇಬೇಕು, ಮ್ಯಾನೇಜರು ತಾವೇ ಫೋನ್ ಮಾಡಿದರು, ವಾದ ಮಾಡಲಿಲ್ಲ, ಪುಕ್ಕಟೆ ಮತ್ತೊಮ್ಮೆ ಮಾಡಿಕೊಡುತ್ತೇವೆ ಅಂದರು. ಕೌಂಟರಿಗೇ ಬರುತ್ತೇವೆ ಅಂದೆ. ಒಮೆಪ್ರಜೋಲ್ ಬಿಟ್ಟು ಕೆಲವು ವಾರ ಕಳೆದ ಮೇಲೆ ವಿದ್ಯಾನಗರಕ್ಕೆ ಹೋದೆವು. ಅದೇ ಹುಡುಗ ರಕ್ತ ತೆಗೆದ, ಟ್ಯೂಬು ಪಕ್ಕದ ಕೋಣೆಗೆ ಹೋಯಿತು, ತಾಸಿನೊಳಗೆ ಯಂತ್ರ ಶುರು. ಎಂಪಿವಿ 10.4ಕ್ಕೆ ಬಂತು, ಇದು ಪೂರ್ತಿ ಹಾದಿಯ ಮಹಿಮೆ, ಗುಳಿಗೆಯದಲ್ಲ. ಎಡಿಪಿ 39. ಐಸಿಲ್ಲದ್ದಕ್ಕೆ ಇಳಿಯಿತೋ ಒಮೆಪ್ರಜೋಲ್ ಇಲ್ಲದ್ದಕ್ಕೆ ಇಳಿಯಿತೋ ನಾನು ಹೇಳಲಾರೆ, ಎರಡೂ ಒಟ್ಟಿಗೆ ಬದಲಾಗಿವೆ. ಅಣ್ಣ ಮಾತ್ರ ‘ಐಸಿಂದs ಅದು, ನನ್ನ ಮಿರ್ಚಿಗೆ ಏನೂ ಅನಬ್ಯಾಡ’ ಅನ್ನುತ್ತಾನೆ.

ಜೀನ್ ಟೆಸ್ಟ್ ಮಾಡಿಸಿ ಎಂದು ಕೌಂಟರಿನಲ್ಲಿ ಒತ್ತಾಯ ಮಾಡಿದರು. ಸಿವೈಪಿ2ಸಿ19 ಜೀನು ಜೀವಮಾನದಲ್ಲಿ ಬದಲಾಗುವುದಿಲ್ಲ, ಒಮ್ಮೆ ನೋಡಿದರೆ ಸಾಕು, ಬೈಕಿನ ಕುಲುಕಾಟಕ್ಕೂ ಹೆದರುವುದಿಲ್ಲ. ಇವರ ಪಟ್ಟಿಯಲ್ಲಿ ದುಡ್ಡು ಕೊಡಬಹುದಾದದ್ದು ಏನಾದರೂ ಇದ್ದರೆ ಇದೇ, ಅದೂ ಡಾಕ್ಟರು ಕೇಳಿದರೆ. ನಮ್ಮವರು ಕೇಳಲಿಲ್ಲ, ನಾವು ಮಾಡಿಸಲಿಲ್ಲ.

ಹೋಗುವವರಿಗೆ: ಸಕ್ಕರೆ, ಲಿಪಿಡ್, ಕ್ರಿಯಾಟಿನಿನ್‌ಗೆ ಮನೆ ಸೇವೆ ಛಲೋ ಅದ, ಧೈರ್ಯವಾಗಿ ಕರೆಸಿ. ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟನ್ನು ಡಾಕ್ಟರು ಬರೆದಿದ್ದರೆ ಮಾತ್ರ ಮಾಡಿಸಿ, ಕೌಂಟರಿಗೇ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಯಂತ್ರ ನಡೆಸುವಾಕೆ ಮಧ್ಯಾಹ್ನದ ಮೇಲೆ ಇರುವುದಿಲ್ಲ, ಭಾನುವಾರ ಬರುವುದೇ ಇಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲ, ಚಿಗರಿ ಬಸ್ಸಿಗೆ ಹೋಗುವುದು ಮೇಲು. ಹೊಸ ಫಾರ್ಮಿನಲ್ಲಿ ‘ಸೇವಿಸುತ್ತಿರುವ ಔಷಧಿಗಳು’ ಎಂದು ಜಾಗ ಬಿಟ್ಟಿದ್ದಾರೆ. ಎರಡೇ ಗೆರೆ. ಅಣ್ಣನವು ಹಿಡಿಸಲಿಲ್ಲ, ವೈನಿ ಹಿಂದಿನ ಬದಿಗೆ ಬರೆದುಕೊಟ್ಟರು.